ಬಗ್ಗಿ ನೋಡಬೇಕಾದ ಹೂವು

ಮಂಡ್ಯದ ಪೇಟೆಯನ್ನು ಹಿಂದಿಕ್ಕಿ ಕೆಲವು ಮೈಲಿ ಸಾಗಿದೊಡನೆ, ಇಕ್ಕೆಲಗಳಲ್ಲಿ ಕಬ್ಬಿನ ಸೋಗೆ ಗಾಳಿಗೆ ಸರಸರನೆ ಸದ್ದುಮಾಡುವ ದಾರಿಯಲ್ಲಿ, ವಿಸ್ತಾರವಾದ ಒಂದು ಕೃಷಿಕ್ಷೇತ್ರ ಎದುರಾಗುತ್ತದೆ. ಸುತ್ತಣ ಊರಿನವರ ಬಾಯಲ್ಲಿ ಅದು ‘ವಿ.ಸಿ. ಫಾರಂ’. ವಿಶ್ವೇಶ್ವರಯ್ಯ ಕೆನಾಲ್ ಎಂಬುದರ ಸಂಕ್ಷೇಪವದು. ಕೃಷ್ಣರಾಜಸಾಗರದ ಎಡದಂಡೆಯಿಂದ ಹೊರಟು, ಹುಲಿಕೆರೆಯ ಸುರಂಗವನ್ನು ಹೊಕ್ಕು ಹೊರಬಂದು, ಮಳೆಯನ್ನೇ ನೆಚ್ಚಿಕೊಂಡಿದ್ದ ನೆಲಕ್ಕೆ ಕಾವೇರಿಯನ್ನು ಕರೆತಂದ ಆ ನಾಲೆಗೆ ಮೊದಲಿದ್ದ ಹೆಸರು ವೈಸರಾಯ್ ಇರ್ವಿನ್ನನದು. ಹೊಸದಾಗಿ ನೀರು ಕಂಡ ಭೂಮಿಯಲ್ಲಿ ಏನನ್ನು, ಹೇಗೆ, ಎಷ್ಟು ನೀರುಣಿಸಿ ಬೆಳೆಯಬೇಕೆಂಬ ಪ್ರಶ್ನೆಗೆ ಉತ್ತರವನ್ನು ಅರಸುವ ಸಲುವಾಗಿ 1930ರ ದಶಕದಲ್ಲಿ ಈ ಕ್ಷೇತ್ರ ತಲೆಯೆತ್ತಿತು.

ಆಶ್ವೀಜದ ಒಂದು ಬೆಳಗ್ಗೆ ಬೆಂಗಳೂರಿನ ಎರಡನೆಯ ತರಗತಿಯ ಮಕ್ಕಳೊಡನೆ ನಾನು ಅಲ್ಲಿಗೆ ಹೋಗಿದ್ದೆ. ಈಚೆಗೆ ನಗರಗಳ ಅಂಚಿನಲ್ಲಿ, ಕುದುರೆಸವಾರಿ, ಜಾರುಬಂಡೆ, ಊಟ ಎಲ್ಲವನ್ನೂ ಒಂದೇ ಟಿಕೇಟಿಗೆ ಒದಗಿಸಿ ‘ಹಳ್ಳಿಯ ಅನುಭವ’ವನ್ನು ಮಾರುವ ತೋಟಗಳು ಎದ್ದಿರುವುದುಂಟು, ಅವುಗಳ ಮೇಲೆ ನನಗೆ ದ್ವೇಷವೇನಿಲ್ಲ, ಆದರೆ ಅಲ್ಲಿ ಎಲ್ಲವೂ ಮಗುವಿನ ಕಡೆಗೇ ಮುಖ ಮಾಡಿ ನಿಂತಿರುತ್ತದೆ. ವಿ.ಸಿ. ಫಾರಮಿನ ಪೈರು ಯಾರಿಗಾಗಿಯೂ ಕಾದು ನಿಂತದ್ದಲ್ಲ. ನೋಡಬೇಕೆಂದಿದ್ದರೆ ಬಗ್ಗಬೇಕಾದವರು ನಾವೇ.

ಬಗ್ಗಿಯೇ ನೋಡಿದೆವು. ರಾಗಿಯ ತಾಕುಗಳು ಒಂದರ ಪಕ್ಕದಲ್ಲೊಂದಿದ್ದುವು. ಒಂದರ ತೆನೆ ಮುಷ್ಟಿ ಕಟ್ಟಿದಂತೆ ಒಳಕ್ಕೆ ಬಾಗಿದ್ದರೆ, ನೆರೆಯದರದು ಬೆರಳು ಬಿಡಿಸಿದ ಅಂಗೈ. ಎಲ್ಲವೂ ಹುಲ್ಲೇ ಎಂದು ತೀರ್ಮಾನಿಸಿಕೊಂಡು ಬಂದಿದ್ದ ಮಕ್ಕಳು ಕಾಲು ಗಂಟೆಯೊಳಗೆ ಈ ಭೇದವನ್ನು ಪರಸ್ಪರ ಕೈಬೆರಳು ಮಡಿಸಿ ತೋರಿಸತೊಡಗಿದರು. ಒಬ್ಬಳು ಒಂದೇ ತೆನೆಯ ಕಾಳುಗಳನ್ನು ಎಣಿಸಲು ಕುಳಿತು ನೂರರ ಆಸುಪಾಸಿನಲ್ಲಿ ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಆರಂಭಿಸಿದಳು. ಕೈಯಲ್ಲಿದ್ದ ಪ್ರಶ್ನಾವಳಿಯನ್ನು ತುಂಬಿಸಿರೆಂದು ಉಪಾಧ್ಯಾಯಿನಿ ಅವಸರಿಸಿದ್ದೊಂದೇ ಆ ಬೆಳಗಿನ ಅಪಸ್ವರ.

ಈ ಕ್ಷೇತ್ರದ ಮುಖ್ಯ ಕಥೆಯಿರುವುದೂ ಇಂಥ ಬಗ್ಗುವಿಕೆಯಲ್ಲಿಯೇ. ‘ರಾಗಿ ಲಕ್ಷ್ಮಣಯ್ಯ’ನವರೆಂದು ನಾಡು ಕರೆದ ವಿಜ್ಞಾನಿ ದುಡಿದದ್ದು ಇಲ್ಲಿ. ರಾಗಿ ಮೂಲತಃ ಆಫ್ರಿಕದ್ದು. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದು ನಮ್ಮದೇ ಆಗಿಹೋದ ಧಾನ್ಯ. ಹೀಗೆ ದೀರ್ಘಕಾಲ ಅಗಲಿದ್ದ ದಾಯಾದಿಗಳನ್ನು ಮತ್ತೆ ಒಂದುಗೂಡಿಸಿ, ಆಫ್ರಿಕದ ರಾಗಿಗೂ ಇಲ್ಲಿಯದಕ್ಕೂ ಸಂಕರ ಮಾಡಿ, ಇಂಡಿಯಾ, ಆಫ್ರಿಕ ಎರಡನ್ನೂ ಸೇರಿಸಿದ ‘ಇಂಡಾಫ್’ ಎಂಬ ಹೆಸರಿನ ತಳಿಗಳನ್ನು ಅವರು ರೈತರ ಕೈಗಿತ್ತರು. ಹೇಳಲು ಸುಲಭ. ಆದರೆ ರಾಗಿಯ ಹೂವು ಕಣ್ಣಿಗೆ ಸುಲಭವಾಗಿ ಗೋಚರಿಸದಷ್ಟು ಚಿಕ್ಕದು. ಕೇಸರ, ಅಂಡಾಶಯ ಎರಡೂ ಆ ಸಣ್ಣ ಗೂಡಿನೊಳಗೇ ಇದ್ದು, ನಸುಕಿನಲ್ಲೇ ತನ್ನ ಪರಾಗದಿಂದ ತಾನೇ ಫಲಗಟ್ಟುವ ಸ್ವಭಾವ ಅದರದು. ಅದರೊಳಗೆ ಬೇರೊಂದರ ಪರಾಗವನ್ನು ಕೂಡಿಸಬೇಕಾದರೆ ಎಂತಹ ತಾಳ್ಮೆಯೂ ಕೈಚಳಕವೂ ಬೇಕಾದೀತೆಂಬುದು ತೆನೆಯ ಮುಂದೆ ಮಂಡಿಯೂರಿದವರಿಗಷ್ಟೆ ಅರಿವಾಗುವುದು. ನಾವು ತಲುಪುವ ವೇಳೆಗೆ ಹೂವಿನ ಕೆಲಸ ಮುಗಿದಿತ್ತು. ಬಾಡಿದ ಕೇಸರಗಳ ಎಳೆಗಳು ಮಾತ್ರ ಜೋಲುತ್ತಿದ್ದುವು. “ಹೂವು ಎಲ್ಲಿ?” ಎಂದ ಹುಡುಗನಿಗೆ, ಕಳೆ ಕೀಳುತ್ತಿದ್ದ ವೃದ್ಧೆಯೊಬ್ಬಳು, “ನೀ ಮಲ್ಗಿದ್ದಾಗ್ಲೇ ಅರ್ಳೋಯ್ತು ಕಣ್ ಮಗ” ಎಂದಳು.

ಭತ್ತದ ಗದ್ದೆಯ ಬದುವಿನ ಮೇಲೆ ನಡೆಯುವುದೇ ಒಂದು ಸಾಹಸವಾಯಿತು; ಇಬ್ಬರು ಜಾರಿ ಕೆಸರಿಗಿಳಿದರು, ಅತ್ತವರಿಲ್ಲ. ಅಲ್ಲಿಂದ ಕಬ್ಬಿನ ತಾಕಿಗೆ ಬಂದೆವು. ಇಲ್ಲಿ ಮಕ್ಕಳ ತರ್ಕ ತಲೆಕೆಳಗಾಯಿತು: ಕಬ್ಬಿಗೆ ಬೀಜವೆಲ್ಲಿ? ರೈತ ನೆಡುವುದು ಕಬ್ಬಿನ ತುಂಡನ್ನೇ, ಗಣ್ಣಿನ ಬಳಿಯಿರುವ ಕಣ್ಣಿನಿಂದಲೇ ಮೊಳಕೆ ಬರುವುದೆಂದು ಕೆಲಸದಾಳು ಬೆರಳಿಟ್ಟು ತೋರಿಸಿದಾಗ, ತಿನ್ನುವುದನ್ನೇ ಹೂಳುತ್ತಾರೆಂಬ ಸಂಗತಿ ಒಬ್ಬನಿಗೆ ಕೊಂಚ ಅನ್ಯಾಯವೆನಿಸಿತು. ಆದರೂ ಸಾಲಿನಲ್ಲಿ ಕುಳಿತು, ಕಣ್ಣು ಮಗ್ಗುಲಿಗೆ ಬರುವಂತೆ ಒಂದು ತುಂಡನ್ನಿಟ್ಟು ತಾನೇ ಮಣ್ಣು ಮುಚ್ಚಿದ. ಮುಚ್ಚಿದ ಮೇಲೆ ಏಳಲೇ ಇಲ್ಲ.

“ಅಣ್ಣಾ, ಇದು ಯಾವಾಗ ದೊಡ್ಡದಾಗತ್ತೆ?”

“ಬರೋ ವರ್ಷ ಇಷ್ಟೊತ್ಗೆ ಬಾಪ್ಪ, ಕಡಿಯೋವಂತೆ.”

ಹುಡುಗ ಕೈಯ ಮಣ್ಣನ್ನು ಚಡ್ಡಿಗೆ ಒರೆಸಿಕೊಂಡು, ಬೆರಳು ಮಡಿಸಿ ತಿಂಗಳುಗಳನ್ನು ಎಣಿಸಿದ. ಬಸ್ಸಿನಿಂದ ಕರೆ ಬಂತು, ಮತ್ತೊಮ್ಮೆ ಎಣಿಸಿದ. “ಆಗ ನಾನು ಮೂರನೇ ಕ್ಲಾಸು” ಎಂದು ಹೇಳಿ, ತನ್ನ ಸಾಲು ಬದುವಿನಿಂದ ಎಷ್ಟನೆಯದೆಂಬುದನ್ನು ನೋಡಿಕೊಂಡು ಹೊರಟ.