ಸೋರದ ಲೀಕು: ಒಂದು ಡೀಸೆಲ್ ಪಿಕಪ್ ಹೇಳಿಕೊಟ್ಟ ಪಾಠ

ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ವರು ದೊಡ್ಡಗದ್ದವಳ್ಳಿಗೆ ಹೋಗಿದ್ದು ಲಕ್ಷ್ಮೀದೇವಿ ಗುಡಿ ನೋಡೋಕೆ. 1113ರ ಸುಮಾರಿಗೆ ಒಬ್ಬ ವ್ಯಾಪಾರಿ ಮತ್ತು ಅವನ ಹೆಂಡತಿ ಕಟ್ಟಿಸಿದ, ಹೊಯ್ಸಳರ ಕಾಲದ ಗುಡಿ ಅದು. ಆದರೆ ಎರಡು ದಿನ ನಾವು ತಲೆ ತೂರಿಸಿ ನಿಂತಿದ್ದು ಗೆಳೆಯನ ಮನೆಯ ಪಿಕಪ್ಪಿನ ಬಾನೆಟ್ ಒಳಗೆ.

ಬೆಳಗಿನ ಜಾವ ಐದು ಗಂಟೆ. ಹಿಂದೆ ಶುಂಠಿ ಮೂಟೆ ತುಂಬಿದೆ, ಹಾಸನಕ್ಕೆ ಹೋಗಬೇಕು. ಸೆಲ್ಫ್ ಚೆನ್ನಾಗಿ ತಿರುಗ್ತಿದೆ, ಎಂಜಿನ್ ಮಾತ್ರ ಹತ್ತಲ್ಲ. ಒಂದು ವಾರದಿಂದ ಇದೇ ಕಥೆ. ಒಂದು ವರ್ಕ್‌ಶಾಪ್‌ನಲ್ಲಿ ತೋರಿಸಿದ್ದಕ್ಕೆ "ನಾಲ್ಕೂ ಇಂಜೆಕ್ಟರ್ ಹೋಗಿವೆ, ಬದಲಾಯಿಸಿ" ಅಂದಿದ್ದರಂತೆ. ಅಷ್ಟು ದುಡ್ಡು ಮನೆಯಲ್ಲಿದ್ದದ್ದು ಒಂದೇ ಕಡೆ: ಗೆಳೆಯನ ಮುಂದಿನ ವರ್ಷದ ಫೀಸಿಗೆ ಎತ್ತಿಟ್ಟಿದ್ದು.

ಡೀಸೆಲ್ ಎಂಜಿನ್ನಿಗೆ ಬೇಕಾದ್ದೇನು?

ಇದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ ಅನ್ನೋದು ನಮಗೆಲ್ಲ ಗೊತ್ತು. ಸಿಲಿಂಡರಿನ ಗಾಳಿಯನ್ನು ಸುಮಾರು 16ರಿಂದ 18 ಪಟ್ಟು ಒತ್ತಿದಾಗ ಅದರ ಬಿಸಿ 500 ಡಿಗ್ರಿ ದಾಟುತ್ತದೆ. ಆ ಬಿಸಿಗಾಳಿಗೆ ಡೀಸೆಲ್ ಚಿಮ್ಮಿದರೆ ತಾನೇ ಹೊತ್ತಿಕೊಳ್ಳುತ್ತದೆ. ಕಾಮನ್ ರೈಲ್ ಎಂಜಿನ್ನಿನಲ್ಲಿ ಹಾಗೆ ಚಿಮ್ಮುವ ಒತ್ತಡ ಸಾವಿರ ಬಾರ್ ದಾಟುವುದೂ ಉಂಟು. ಸ್ಟಾರ್ಟ್ ಆಗೋಕೂ ರೈಲಿನಲ್ಲಿ ಒಂದು ಕನಿಷ್ಠ ಒತ್ತಡ ಏರಲೇಬೇಕು. ಏರದಿದ್ದರೆ ಕಂಪ್ಯೂಟರ್ ಇಂಜೆಕ್ಟರನ್ನು ತೆರೆಯುವುದೇ ಇಲ್ಲ.

ಒತ್ತಡ ಯಾಕೆ ಏರಲ್ಲ? ಇಂಜೆಕ್ಟರ್ ಸವೆದಿರಬಹುದು, ನಿಜ. ಆದರೆ ಡೀಸೆಲ್ ಜೊತೆ ಗಾಳಿ ಸೇರಿದರೂ ಏರಲ್ಲ. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಅಷ್ಟೇ. ಪಂಪಿನ ಶ್ರಮವೆಲ್ಲ ಗುಳ್ಳೆ ಕುಗ್ಗಿಸೋದಕ್ಕೇ ಖರ್ಚು. ಇದೇ ಏರ್‌ಲಾಕ್.

ಹನಿ ಬೀಳದ ಲೀಕು

ಊರಿನ ಹಳೆಯ ಮೆಕ್ಯಾನಿಕ್ ಒಬ್ಬರು ಬಂದರು. ಫಿಲ್ಟರಿನ ಮೇಲಿನ ಹ್ಯಾಂಡ್ ಪಂಪನ್ನು ಗಟ್ಟಿಯಾಗುವ ತನಕ ಒತ್ತಿ "ಈಗ ಹೊಡಿ" ಅಂದರು. ಗಾಡಿ ಸ್ಟಾರ್ಟ್! ಐದು ನಿಮಿಷಕ್ಕೆ ಮತ್ತೆ ಆಫ್.

ನಾವು ಪೈಪು, ಕ್ಲಿಪ್ಪು, ಟ್ಯಾಂಕ್ ಎಲ್ಲ ಟಾರ್ಚ್ ಬಿಟ್ಟು ನೋಡಿದೆವು. ಎಲ್ಲೂ ಒದ್ದೆ ಇಲ್ಲ. "ಲೀಕ್ ಇಲ್ಲ ಅಣ್ಣ" ಅಂದದ್ದಕ್ಕೆ ಅವರು ನಕ್ಕು, "ಇದು ಹೊರಗೆ ಸೋರೋ ಲೀಕಲ್ಲ ಕಣಪ್ಪ, ಒಳಗೆ ಎಳೆಯೋ ಲೀಕು" ಅಂದರು.

ಫ್ಲೂಯಿಡ್ ಮೆಕ್ಯಾನಿಕ್ಸ್ ಪಾಸಾದ ನಾಲ್ವರಿಗೂ ನಾಚಿಕೆ ಆಯ್ತು. ಟ್ಯಾಂಕ್ ಒಳಗೆ ಎಲೆಕ್ಟ್ರಿಕ್ ಪಂಪ್ ಇಲ್ಲದ ಗಾಡಿಯಲ್ಲಿ ಎಂಜಿನ್ ಪಕ್ಕದ ಪಂಪೇ ಡೀಸೆಲ್ಲನ್ನು ಎಳೆದುಕೊಳ್ಳಬೇಕು. ಹಾಗಾಗಿ ಆ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಬಿರುಕು ಬಿಟ್ಟರೆ ಡೀಸೆಲ್ ಹೊರಬರಲ್ಲ, ಗಾಳಿ ಒಳಹೋಗುತ್ತದೆ. ರಾತ್ರಿ ನಿಲ್ಲಿಸಿದಾಗ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಿಗ್ಗೆ ಹತ್ತದಿರೋಕೆ ಅದೇ ಕಾರಣ.

ಫಿಲ್ಟರಿನಿಂದ ಪಂಪಿಗೆ ಹೋಗುವ ಕಡೆ ಒಂದು ಗಿಡ್ಡ ಪಾರದರ್ಶಕ ಪೈಪ್ ಹಾಕಿದರು. ಸೋಡಾ ಬಾಟಲಿಯಲ್ಲಿ ಏಳುವ ಹಾಗೆ ಗುಳ್ಳೆಗಳು! ಹಿಂದಕ್ಕೆ ಹುಡುಕುತ್ತಾ ಹೋದರೆ ಒಂದು ಕ್ಲಿಪ್ಪಿನ ಕೆಳಗೆ ರಬ್ಬರ್ ಪೈಪ್ ಒಣಗಿ ಸೀಳಿತ್ತು. ಹೊಸ ಪೈಪು, ಎರಡು ಕ್ಲಿಪ್ಪು, ಗಾಳಿ ತೆಗೆದದ್ದು, ಎಲ್ಲ ಸೇರಿ ನಾಲ್ಕುನೂರು ರೂಪಾಯಿ ದಾಟಲಿಲ್ಲ.

ದುಡ್ಡು ಬಿಚ್ಚುವ ಮುಂಚೆ

ನಿಮ್ಮ ಮನೆಯಲ್ಲೂ ಪಿಕಪ್ ಇದ್ದರೆ ಈ ಕ್ರಮದಲ್ಲಿ ನೋಡಿ:

1. ಡೀಸೆಲ್ ಫಿಲ್ಟರ್: ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ನೀರು ಬಸಿಯಿರಿ. ನೀರು ಡೀಸೆಲ್ಲಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಅದು ಪಂಪ್, ಇಂಜೆಕ್ಟರ್ ಎರಡನ್ನೂ ತುಕ್ಕು ಹಿಡಿಸುತ್ತದೆ.

2. ಹೊಗೆಯ ಬಣ್ಣ: ಕಪ್ಪಾದರೆ ಗಾಳಿ ಸಾಲದು, ಏರ್ ಫಿಲ್ಟರ್ ಮತ್ತು ಟರ್ಬೊ ಪೈಪ್ ಮೊದಲು ನೋಡಿ. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಸಿಲಿಂಡರಿಗೆ ಇಳಿಯುತ್ತಿರಬಹುದು, ಅಥವಾ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ.

3. ಘಾಟಿಯಲ್ಲಿ ಬಿಸಿ: ಲೋಡ್ ಹೊತ್ತು ಶಿರಾಡಿ ಹತ್ತುವಾಗ ಕಾವು ಏರಿದರೆ ರೇಡಿಯೇಟರ್ ಸಂದಿಯ ಮಣ್ಣು, ಫ್ಯಾನ್ ಬೆಲ್ಟ್ ಜೊತೆಗೆ ಕ್ಯಾಪನ್ನೂ ನೋಡಿ. ಸುಮಾರು ಒಂದು ಬಾರ್ ಹೆಚ್ಚುವರಿ ಒತ್ತಡ ಹಿಡಿದರೆ ನೀರು 120 ಡಿಗ್ರಿ ತನಕ ಕುದಿಯಲ್ಲ. ಕ್ಯಾಪ್ ರಬ್ಬರ್ ಹೋದರೆ ಆ ಲಾಭವೂ ಹೋಯ್ತು. ಬಿಸಿ ಇರುವಾಗ ಮಾತ್ರ ತೆಗೆಯಬೇಡಿ.

4. ಬಿಎಸ್6 ಗಾಡಿ: 2020ರ ಏಪ್ರಿಲ್‌ನಿಂದ ಬಂದ ಇವುಗಳಲ್ಲಿ ಡಿಪಿಎಫ್ ಇದ್ದರೆ, ತೋಟಕ್ಕೂ ಮನೆಗೂ ಓಡಾಡಿದ್ದೇ ಆದರೆ ಮಸಿ ಕಟ್ಟುತ್ತದೆ. ಲೈಟ್ ಬಂದಾಗ ಪುಸ್ತಕದಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಒಂದೇ ಸಮ ಓಡಿಸಿ ಮಸಿ ಸುಡಿಸಿ.

5. ಇಂಜೆಕ್ಟರ್: ಇದು ಕೊನೆಗೆ. ನಾಲ್ಕರ ರಿಟರ್ನ್ ಪೈಪಿಗೂ ಒಂದೊಂದು ಬಾಟಲಿ ಕಟ್ಟಿಸಿ. ಯಾವುದು ಬೇಗ ತುಂಬುತ್ತದೋ ಅದೇ ಸವೆದದ್ದು. ಒಂದು ಹೋಗಿದ್ದರೆ ನಾಲ್ಕು ಯಾಕೆ ಕೊಳ್ಳಬೇಕು?

ಒಂದು ಎಚ್ಚರಿಕೆ: ಎಂಜಿನ್ ತಿರುಗುವಾಗ ಇಂಜೆಕ್ಟರಿನ ಲೋಹದ ಪೈಪ್ ಸಡಿಲಿಸಲೇಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಹಾಗಾದರೆ ಗಾಯ ಚಿಕ್ಕದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಶುಂಠಿ ಒಂದು ದಿನ ತಡವಾಗಿ ಹಾಸನ ಸೇರಿತು. ಫೀಸಿನ ದುಡ್ಡು ಎಲ್ಲಿತ್ತೋ ಅಲ್ಲೇ ಉಳೀತು. ಸೀಳಿದ ಆ ಪೈಪ್ ತುಂಡು ಈಗ ನಮ್ಮ ಹಾಸ್ಟೆಲ್ ಮೇಜಿನ ಮೇಲಿದೆ. ಗುಡಿ ಇನ್ನೂ ನೋಡಿಲ್ಲ, ಮುಂದಿನ ರಜೆಗೆ ಮತ್ತೆ ಹೋಗ್ತೀವಿ.