ಬಿದ್ದವನ ನೋವೂ ಎರಡು ನಿಮಿಷದ ಲೆಕ್ಕವೂ

ಕಳೆದ ಚಳಿಗಾಲದಲ್ಲಿ ಗಡಹಿಂಗ್ಲಜದಲ್ಲಿ ಶಾಲೆಗಳ ನಡುವಿನ ಒಂದು ಫುಟ್‌ಬಾಲ್ ಪಂದ್ಯ ನಡೆಯಿತು. ಆಡುತ್ತಿದ್ದ ಎರಡು ತಂಡಗಳಲ್ಲಿ ಒಂದು ನಮ್ಮದೇ ಶಾಲೆಯದಾದ್ದರಿಂದ ನಾವು ಮೈದಾನದ ಗೆರೆಯ ಪಕ್ಕದಲ್ಲಿಯೇ ಕುಳಿತಿದ್ದೆವು. ನಮ್ಮವರು ಒಂದು ಗೋಲಿನಿಂದ ಮುಂದಿದ್ದರು. ಆಟ ಮುಗಿಯಲು ಇನ್ನು ಹತ್ತು ನಿಮಿಷ ಉಳಿದಿರುವಾಗ ನಮ್ಮ ತಂಡದ ಹುಡುಗನೊಬ್ಬ ಎದುರಾಳಿಯ ಕಾಲಿಗೆ ತಾಕಿ ಉರುಳಿ ಬಿದ್ದನು. ಬಿದ್ದವನು ಪಾದವನ್ನು ಹಿಡಿದುಕೊಂಡು ಹೊರಳಾಡಿದನು. ಸುತ್ತ ನೆರೆದಿದ್ದ ಜನರು ಒಂದೇ ಕಂಠದಿಂದ "ನಾಟಕ, ನಾಟಕ" ಎಂದು ಕೂಗತೊಡಗಿದರು. ಅವರ ಮೇಲೆ ಪೂರ್ತಿ ತಪ್ಪು ಹೊರಿಸುವಂತೆಯೂ ಇರಲಿಲ್ಲ. ಅದೇ ಪಂದ್ಯದಲ್ಲಿ ಅದಕ್ಕೆ ಮೊದಲು ಎರಡೂ ಕಡೆಯ ಒಬ್ಬೊಬ್ಬ ಹುಡುಗ ಹೀಗೆಯೇ ಬಿದ್ದು, ನೀರು ಚಿಮುಕಿಸಿದ ಮರುಕ್ಷಣವೇ ಎದ್ದು ಜಿಂಕೆಯಂತೆ ಓಡಿದ್ದರು. ಕೂಗನ್ನು ಕೇಳಿದ ನಮ್ಮ ಹುಡುಗ ನಾಚಿಕೆಯಿಂದ ಎದ್ದನು. ಉಳಿದ ಹತ್ತು ನಿಮಿಷವನ್ನೂ ಕುಂಟುತ್ತಲೇ ಆಡಿದನು. ಮರುದಿನ ಎಕ್ಸ್‌ರೇ ತೆಗೆಸಿದಾಗ ಪಾದದ ಕೀಲಿನ ಮೇಲಿನ ಎಲುಬು ಬಿರುಕು ಬಿಟ್ಟಿದ್ದುದು ಕಂಡಿತು.

ಈ ಹುಡುಗನ ತಂದೆತಾಯಿಗಳು ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದಾರೆ. ಹುಡುಗ ನಮ್ಮೂರಲ್ಲಿ ಅಜ್ಜ ಅಜ್ಜಿಯರ ಹತ್ತಿರ ಇದ್ದು ಕಲಿಯುತ್ತಾನೆ. ನಮ್ಮ ಕಡೆಯ ಎಷ್ಟೋ ಮನೆಗಳ ಸಂಸಾರ ಹೀಗೆಯೇ ಎರಡು ಊರುಗಳಲ್ಲಿ ಹಂಚಿಹೋಗಿದೆ. ತಂದೆ ರಾತ್ರಿಪಾಳಿ ಮುಗಿಸಿ, ನಿದ್ದೆಗೆಟ್ಟು, ಬೆಳಗಿನ ಬಸ್ಸಿಗೆ ಬಂದರು. ಮಗ್ಗದ ಮುಂದೆ ನಿಲ್ಲದ ದಿನ ಅವರಿಗೆ ಕೂಲಿ ಇಲ್ಲ. ಪ್ಲಾಸ್ಟರಿನ ಕಾಲನ್ನು ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಕಡೆ ತಿರುಗಿ ಅಂದರು: "ನಮ್ಮ ಹುಡುಗ ಸುಳ್ಳ ಹೇಳೂದಿಲ್ರಿ ಸರ. ಮಂದಿ ಕೂಗಿದ್ರ ಕೂಗ್ಲಿ, ನೀವರೆ ಹತ್ತರ ಹೋಗಿ ನೋಡಬೇಕಿತ್ತಲ್ರೀ."

ನಮ್ಮಲ್ಲಿ ಉತ್ತರವಿರಲಿಲ್ಲ. ಏಕೆಂದರೆ, ಓದುಗರ ಎದುರು ಮುಚ್ಚಿಡುವುದೇನು, ಗೆರೆಯ ಪಕ್ಕದಲ್ಲಿ ಕುಳಿತಿದ್ದ ನಾವೂ ಅವನು ನಟಿಸುತ್ತಿದ್ದಾನೆಂದೇ ತಿಳಿದಿದ್ದೆವು.

ಹಾಗೆ ತಿಳಿಯಲು ನಮಗೊಂದು ಹಳೆಯ ಕಾರಣವೂ ಉಂಟು. ಶಿಕ್ಷಕರ ತರಬೇತಿ ಮುಗಿಸಿ ನೌಕರಿಗೆ ಸೇರಿದ ಹೊಸತರಲ್ಲಿ, ಈಗ ಅದಕ್ಕೆ ಸುಮಾರು ಮೂವತ್ತು ವರ್ಷ, ಶಾಲೆಯ ಆಟದ ಹೊಣೆ ನಮ್ಮ ತಲೆಯ ಮೇಲಿತ್ತು. ಒಂದು ತಾಲೂಕು ಪಂದ್ಯದಲ್ಲಿ ನಾವು ಕೈವಸ್ತ್ರ ತೆಗೆದು ಮುಖ ಒರೆಸಿಕೊಂಡರೆ ಇಂಥ ಹುಡುಗ ಬೀಳತಕ್ಕದ್ದು ಎಂದು ಮೊದಲೇ ಹೇಳಿಟ್ಟಿದ್ದೆವು. ನಾವು ಮುಖ ಒರೆಸಿಕೊಂಡೆವು, ಅವನು ಬಿದ್ದನು, ಹೊತ್ತು ಕಳೆಯಿತು, ಪಂದ್ಯವನ್ನು ಗೆದ್ದೆವು. ಸಂಜೆ ಬಸ್ ನಿಲ್ದಾಣದತ್ತ ನಡೆದು ಹೋಗುವಾಗ ಸೋತ ತಂಡದ ಹುಡುಗರೂ ಅದೇ ದಾರಿಯಲ್ಲಿ ಬರುತ್ತಿದ್ದರು. ನಮ್ಮ ಹುಡುಗ ಹತ್ತಿರ ಬಂದು ಮೆಲ್ಲಗೆ ಕೇಳಿದನು: "ಸರ, ಬಸ್ಸಿನ ತನಕ ಕುಂಟಕೋತ ಬರಬೇಕೇನ್ರಿ?" ಆಗ ನಾವು ನಕ್ಕೆವು. ಆ ಪ್ರಶ್ನೆ ನೆನಪಾದಾಗ ಈಗ ನಗೆ ಬರುವುದಿಲ್ಲ.

ಆಟದಲ್ಲಿ ಗಾಯದ ಸೋಗು ಹಾಕುವ ಹುಡುಗರನ್ನು ದಂಡಿಸಬೇಕೇ, ಬೇಡವೇ ಎಂಬ ಚರ್ಚೆ ಶಾಲೆ ಕಾಲೇಜುಗಳ ಶಿಕ್ಷಕರಲ್ಲಿ ಆಗಾಗ ಏಳುತ್ತದೆ. ದಂಡಿಸಲೇಬೇಕು, ಒಂದು ವರ್ಷ ಆಟದಿಂದ ಹೊರಗಿಡಬೇಕು ಎನ್ನುವವರಿದ್ದಾರೆ. ಮಕ್ಕಳಾಟಕ್ಕೆ ಇಷ್ಟೆಲ್ಲ ಏಕೆ ಎನ್ನುವವರೂ ಇದ್ದಾರೆ. ಆದರೆ ಕೊಲ್ಹಾಪುರ ಜಿಲ್ಲೆಯಲ್ಲಿ ಫುಟ್‌ಬಾಲ್ ಮಕ್ಕಳಾಟವಾಗಿ ಉಳಿದಿಲ್ಲವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಕೊಲ್ಹಾಪುರವೆಂದೊಡನೆ ನಮ್ಮ ಮಂದಿಗೆ ಅಂಬಾಬಾಯಿಯ ಗುಡಿಯ ನಂತರ ನೆನಪಾಗುವುದು ಕುಸ್ತಿ. ಆದರೆ ಅಲ್ಲಿಯ ಪೇಟೆಗಳಲ್ಲಿ ಕುಸ್ತಿಯಷ್ಟೇ ಬಿಸಿ ನೆತ್ತರು ಕಾಲ್ಚೆಂಡಿನದು. ತಂಡಗಳ ಹೆಸರುಗಳನ್ನೇ ನೋಡಿರಿ: ಪಾಟಾಕಡೀಲ ತಾಲೀಮು, ದಿಲ್‌ಬಹಾರ ತಾಲೀಮು, ಖಂಡೋಬಾ ತಾಲೀಮು, ಬಾಲಗೋಪಾಲ ತಾಲೀಮು. ತಾಲೀಮೆಂದರೆ ಗರಡಿ. ಗರಡಿಯ ಮನೆಗಳೇ ಚೆಂಡಿನ ತಂಡ ಕಟ್ಟಿದ ಊರು ಅದು. ಶಾಹೂ ಸ್ಟೇಡಿಯಮ್ಮಿನಲ್ಲಿ ಪಂದ್ಯವಿದ್ದ ದಿನ ಪೇಟೆಯ ಚಹದಂಗಡಿಗಳಲ್ಲಿ ಬೇರೆ ಮಾತೇ ಇರುವುದಿಲ್ಲ. ಗಡಹಿಂಗ್ಲಜವೂ ಈ ಹುಚ್ಚಿನಲ್ಲಿ ಹಿಂದಿಲ್ಲ. ದೀಪಾವಳಿಗೆ ಎಣ್ಣೆನೀರು ಹಾಕಿಕೊಂಡು ನೇರವಾಗಿ ಮೈದಾನಕ್ಕೆ ಹೋಗುವ ಮನೆತನಗಳು ನಮಗೆ ಗೊತ್ತು. ಕೊಲ್ಹಾಪುರದ ಹುಡುಗ ಅನಿಕೇತ ಜಾಧವ 2017ರಲ್ಲಿ ನಮ್ಮ ದೇಶದಲ್ಲಿಯೇ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತದ ಪರ ಆಡಿದ ಮೇಲಂತೂ ಪ್ರತಿಯೊಂದು ಶಾಲೆಯ ಹುಡುಗನ ಕಣ್ಣಿನಲ್ಲಿಯೂ ಒಂದು ಕನಸು ಕುಳಿತಿದೆ. ಅಂಥ ಕಣ್ಣುಗಳು ದೊಡ್ಡವರ ಆಟವನ್ನು ದೂರದರ್ಶನದಲ್ಲಿ ನೋಡುತ್ತವೆ. ಆಟದೊಡನೆ ಆಟದ ಸೋಗನ್ನೂ ಕಲಿಯುತ್ತವೆ.

ದೊಡ್ಡವರು ಕಲಿಸಿದ ಪಾಠಗಳು ಸಾಮಾನ್ಯವಲ್ಲ. 2002ರ ವಿಶ್ವಕಪ್ಪಿನಲ್ಲಿ ಬ್ರೆಜಿಲ್ ಮತ್ತು ತುರ್ಕಿಗಳ ನಡುವಿನ ಪಂದ್ಯದ ಕೊನೆಯಲ್ಲಿ ತುರ್ಕಿಯ ಆಟಗಾರನೊಬ್ಬ ಸಿಟ್ಟಿನಿಂದ ಒದ್ದ ಚೆಂಡು ಬ್ರೆಜಿಲ್ಲಿನ ರಿವಾಲ್ಡೊನ ತೊಡೆಗೆ ತಾಗಿತು. ಆತ ಮುಖ ಮುಚ್ಚಿಕೊಂಡು ಬಿದ್ದನು. ಒದ್ದವನಿಗೆ ಕೆಂಪು ಚೀಟಿ ಸಿಕ್ಕಿತು. ಆಮೇಲೆ ರಿವಾಲ್ಡೊನಿಗೆ ಹಣದ ದಂಡ ಬಿದ್ದಿತು, ಆದರೆ ಒಂದು ಪಂದ್ಯವೂ ತಪ್ಪಲಿಲ್ಲ. ಆ ಸಲದ ಕಪ್ಪೂ ಅವರದೇ ಆಯಿತು. ಇದನ್ನು ನೋಡಿದ ಹುಡುಗನಿಗೆ ನೀತಿಪಾಠ ಹೇಳುವ ಶಿಕ್ಷಕನ ಪಾಡನ್ನು ಓದುಗರೇ ಊಹಿಸಬಹುದು.

ಇದಕ್ಕಿಂತ ಘೋರವಾದುದು 1989ರ ಸೆಪ್ಟೆಂಬರಿನಲ್ಲಿ ನಡೆಯಿತು. ರಿಯೊ ಡಿ ಜನೈರೊದ ಮರಕಾನಾ ಮೈದಾನದಲ್ಲಿ ಬ್ರೆಜಿಲ್ಲಿನ ಎದುರು ಚಿಲಿ ದೇಶದ ತಂಡ ಒಂದು ಗೋಲಿನಿಂದ ಹಿಂದಿತ್ತು. ಪ್ರೇಕ್ಷಕರ ಕಡೆಯಿಂದ ಉರಿಯುವ ಬಾಣವೊಂದು ಬಂದು ಚಿಲಿಯ ಗೋಲಿ ರೋಹಾಸನ ಸಮೀಪ ಬಿದ್ದಿತು. ಆತ ಹೊಗೆಯ ನಡುವೆ ರಕ್ತಸಿಕ್ತನಾಗಿ ಬಿದ್ದನು. ತಂಡದವರು ಅವನನ್ನು ಹೊತ್ತುಕೊಂಡು ಆಟ ಬಿಟ್ಟು ಹೊರನಡೆದರು. ಆದರೆ ಬಾಣ ಅವನಿಗೆ ತಾಗಿಯೇ ಇರಲಿಲ್ಲವೆಂದು ಚಿತ್ರಗಳಿಂದ ತಿಳಿಯಿತು. ಕೈಗವಸಿನಲ್ಲಿ ಬ್ಲೇಡು ಬಚ್ಚಿಟ್ಟುಕೊಂಡು ತನ್ನ ಮುಖವನ್ನು ತಾನೇ ಗೀರಿಕೊಂಡಿದ್ದನು. ಪಂದ್ಯವನ್ನು ಬ್ರೆಜಿಲ್ಲಿಗೆ ಕೊಡಲಾಯಿತು. ಚಿಲಿಯನ್ನು 1994ರ ವಿಶ್ವಕಪ್ಪಿನಿಂದ ಹೊರಗಿಡಲಾಯಿತು. ರೋಹಾಸನಿಗೆ ಆಜೀವ ನಿಷೇಧ. ಅದನ್ನು ತೆಗೆದದ್ದು 2001ರಲ್ಲಿ. ನಾವು ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಆಟಗಾರನ ಜೊತೆಗೆ ತಂಡದ ತರಬೇತುದಾರನನ್ನೂ ವೈದ್ಯನನ್ನೂ ಬಿಡಲಿಲ್ಲ. ಅವರಿಗೂ ನಿಷೇಧ ಬಿದ್ದಿತು.

ಫುಟ್‌ಬಾಲಿನ ನಿಯಮಾವಳಿಯಲ್ಲಿ ಇದಕ್ಕೆ ಕಟ್ಟಳೆ ಇಲ್ಲವೆಂದಲ್ಲ. ರೆಫ್ರಿಯನ್ನು ಮೋಸಗೊಳಿಸುವ ಸೋಗನ್ನು ಅಕ್ರೀಡಾ ವರ್ತನೆಯೆಂದು ದಂಡಿಸತಕ್ಕದ್ದೆಂದು 1999ರಲ್ಲಿ ಸ್ಪಷ್ಟವಾಗಿ ಸೇರಿಸಿದರು. ಗಾಯವಾದಂತೆ ನಟಿಸಿದವನಿಗೆ ಹಳದಿ ಚೀಟಿ ಎಂಬುದು ಇಂದಿಗೂ ನಿಯಮ. ಕಷ್ಟವಿರುವುದು ಬರವಣಿಗೆಯಲ್ಲಿ ಅಲ್ಲ, ಕಣ್ಣಿನಲ್ಲಿ. ಇನ್ನೊಬ್ಬನ ನೋವನ್ನು ಅಳೆಯುವ ಅಳತೆಗೋಲು ಯಾವ ರೆಫ್ರಿಯ ಕಿಸೆಯಲ್ಲಿದೆ? ದೊಡ್ಡ ಪಂದ್ಯಗಳಲ್ಲಿ ಹತ್ತು ಕ್ಯಾಮೆರಾಗಳಿರುತ್ತವೆ. ನಮ್ಮ ತಾಲೂಕು ಪಂದ್ಯದಲ್ಲಿ ರೆಫ್ರಿಯೂ ಒಬ್ಬ ಶಿಕ್ಷಕ. ಬಿಸಿಲಿನಲ್ಲಿ ಓಡಿ ದಣಿದವನು. ಅವನು ಅನುಮಾನದ ಮೇಲೆ ಹಳದಿ ಚೀಟಿ ತೆಗೆದರೆ ಎಲುಬು ಬಿರಿದ ಹುಡುಗನಿಗೂ ಚೀಟಿ ಬಿದ್ದೀತು. ತೆಗೆಯದಿದ್ದರೆ ಸೋಗುಗಾರನಿಗೆ ಬಹುಮಾನ ಕೊಟ್ಟಂತೆ.

ಈ ಗಂಟನ್ನು ಬಿಚ್ಚಲು ನಮಗೆ ದಾರಿ ತೋರಿದ್ದು ಕುಸ್ತಿಯೇ. ಶಾಹೂ ಮಹಾರಾಜರು ಕಟ್ಟಿಸಿದ, 1912ರಲ್ಲಿ ಸಿದ್ಧವಾದ ಖಾಸಬಾಗ ಮೈದಾನದಲ್ಲಿ ನಾವು ಚಿಕ್ಕಂದಿನಿಂದ ಕುಸ್ತಿ ನೋಡಿದ್ದೇವೆ. ಕೆಮ್ಮಣ್ಣಿನ ಕಣದಲ್ಲಿ ಗಾಯದ ಸೋಗು ಹಾಕಿದ ಪೈಲ್ವಾನನನ್ನು ಕಂಡಿಲ್ಲ. ಪೈಲ್ವಾನರೆಲ್ಲ ಹರಿಶ್ಚಂದ್ರರೆಂದು ಇದರ ಅರ್ಥವಲ್ಲ. ಮುಂದೆ ಆಡಲಾರೆನೆಂದವನಿಗೆ ಅಲ್ಲಿ ಸೋಲು. ಸೋಗಿನಿಂದ ಮೂರು ಕಾಸಿನ ಲಾಭವಿಲ್ಲ. ಫುಟ್‌ಬಾಲಿನಲ್ಲಾದರೋ ಬಿದ್ದವನಿಗೆ ಹೊತ್ತು ಸಿಗುತ್ತದೆ, ದಣಿದ ತಂಡಕ್ಕೆ ಉಸಿರು ಸಿಗುತ್ತದೆ, ಎದುರಾಳಿಯ ಓಟದ ಬಿಸಿ ಆರುತ್ತದೆ. ಆದ್ದರಿಂದ ಹುಡುಗನ ಮನಸ್ಸಿನೊಳಗೆ ಇಣುಕುವ ಬದಲು ಈ ಲಾಭವನ್ನು ಕಿತ್ತುಕೊಳ್ಳುವುದೇ ನೇರವಾದ ದಾರಿಯೆಂದು ನಮಗೆ ತೋರುತ್ತದೆ.

ಅಮೆರಿಕದವರು ಈಗ ಮಾಡಿರುವುದೂ ಇದನ್ನೇ. ಅಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಬೇರೆಯೇ ಆಟ. ಅವರ ಕಾಲೇಜುಗಳಲ್ಲಿ, ಎದುರು ತಂಡ ವೇಗವಾಗಿ ಆಡತೊಡಗಿತೆಂದರೆ ಒಬ್ಬ ಬೀಳುವುದು ರೂಢಿಯಾಗಿಬಿಟ್ಟಿತ್ತು. ಬಿದ್ದವನ ಚಿತ್ರವನ್ನು ನೋಡಿ ಆಮೇಲೆ ವಿಚಾರಣೆ ಮಾಡುವ ಪದ್ಧತಿಯನ್ನು 2021ರಲ್ಲಿ ತಂದರು. ಅದರಿಂದ ರೋಗ ವಾಸಿಯಾಗಲಿಲ್ಲ. 2025ರಿಂದ ಬೇರೆ ನಿಯಮ ಬಂದಿತು. ಮುಂದಿನ ಆಟಕ್ಕೆ ಚೆಂಡನ್ನು ಇಟ್ಟ ಮೇಲೆ ಉಪಚಾರದವರು ಒಳಗೆ ಬಂದರೆ ಆ ತಂಡದ ವಿರಾಮದ ಲೆಕ್ಕದಲ್ಲಿ ಒಂದು ಕಡಿತ. ವಿರಾಮಗಳು ಮುಗಿದಿದ್ದರೆ ಐದು ಗಜ ಹಿಂದೆ ಸರಿಯಬೇಕು. ನೋವು ನಿಜವೋ ಸುಳ್ಳೋ ಎಂದು ಯಾರೂ ಕೇಳುವುದಿಲ್ಲ. ನಮ್ಮ ಬಗೆಯ ಕಾಲ್ಚೆಂಡಿನಲ್ಲಿಯೂ ಅದೇ ದೇಶದ ದೊಡ್ಡ ಲೀಗು 2024ರಲ್ಲಿ ಇಂಥದೇ ನಿಯಮ ಮಾಡಿತು: ಹದಿನೈದು ಸೆಕೆಂಡಿಗಿಂತ ಹೆಚ್ಚು ನೆಲದ ಮೇಲೆ ಉಳಿದು, ಉಪಚಾರದವರನ್ನು ಒಳಗೆ ಕರೆಸಿದವನು ಎರಡು ನಿಮಿಷ ಗೆರೆಯ ಹೊರಗಿರಬೇಕು. ತಲೆಗೆ ಪೆಟ್ಟಾದವನಿಗೂ ಗೋಲಿಗೂ ಎದುರಾಳಿಯ ಚೀಟಿ ಬೀಳುವಂಥ ತಪ್ಪಿನಿಂದ ಗಾಯಗೊಂಡವನಿಗೂ ಇದರಿಂದ ವಿನಾಯಿತಿ.

ಈ ಎರಡು ನಿಮಿಷ ನಮ್ಮ ಹುಡುಗರಿಗೆ ತಕ್ಕುದಾಗಿದೆ. ನಿಜವಾಗಿ ನೊಂದವನಿಗೆ ಅದು ಶಿಕ್ಷೆಯಲ್ಲ, ಆರೈಕೆ. ಎರಡು ನಿಮಿಷ ಹೊರಗೆ ಕುಳಿತಿದ್ದರೆ ನಮ್ಮ ಹುಡುಗನ ಪಾದ ಬಾತದ್ದನ್ನು ಯಾರಾದರೂ ನೋಡುತ್ತಿದ್ದರು. ಸೋಗುಗಾರನ ತಂಡಕ್ಕೆ ಎರಡು ನಿಮಿಷ ಹತ್ತೇ ಜನ. ಯಾರನ್ನೂ ಸುಳ್ಳನೆನ್ನುವ ಪ್ರಸಂಗ ಬರುವುದಿಲ್ಲ. ಹದಿನಾಲ್ಕು ವರ್ಷದ ಹುಡುಗನಿಗೆ ಸಾವಿರ ಜನರೆದುರು ಸುಳ್ಳನೆಂಬ ಹೆಸರು ಬರುವುದು ಎಷ್ಟು ಆಳದ ಗಾಯವೆಂಬುದನ್ನು ಮೂವತ್ತು ವರ್ಷ ಶಾಲೆ ನಡೆಸಿದವರು ಬಲ್ಲರು.

ನಮ್ಮ ಸಹೋದ್ಯೋಗಿಯೊಬ್ಬರು ಇದಕ್ಕೆ ಆಕ್ಷೇಪವೆತ್ತಿದರು. ಎದುರಾಳಿ ಒದ್ದು ಬೀಳಿಸಿದಾಗಲೂ ನಮ್ಮವನೇ ಹೊರಗಿರಬೇಕೇ ಎಂದು ಕೇಳಿದರು. ನ್ಯಾಯವಾದ ಮಾತು, ಒದ್ದವನಿಗೆ ಚೀಟಿ ಬಿದ್ದಲ್ಲಿ ಬಿದ್ದವನಿಗೆ ವಿನಾಯಿತಿ ಇರಲೇಬೇಕು. ನೋವಿದ್ದರೂ ಹೊರಗೆ ಕಳಿಸಿಯಾರೆಂದು ಮುಚ್ಚಿಟ್ಟುಕೊಳ್ಳುವ ಹುಡುಗರಿರುತ್ತಾರೆ ಎಂಬ ಇನ್ನೊಂದು ಆಕ್ಷೇಪಕ್ಕೆ ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ಅಂಥವರ ಮೇಲೆ ಗುರುಗಳ ಕಣ್ಣಿರಬೇಕು, ಅಷ್ಟೇ.

ಚೀಟಿಯನ್ನು ಪೂರ್ತಿ ಬಿಡಬೇಕೆಂದು ನಾವು ಹೇಳುತ್ತಿಲ್ಲ. ತನ್ನ ಸೋಗಿನಿಂದ ನಿರಪರಾಧಿಯನ್ನು ಹೊರಗೆ ಹಾಕಿಸಿದವನಿಗೆ ಹಳದಿ ಚೀಟಿ ಸಲ್ಲಬೇಕು. ಕಿರಿಯರ ಹಾಗೂ ಊರ ಮಟ್ಟದ ಪಂದ್ಯಗಳಲ್ಲಿ ಹಳದಿ ಚೀಟಿಗೆ ಸ್ವಲ್ಪ ಹೊತ್ತು ಹೊರಗೆ ಕೂರಿಸುವ ಅನುಮತಿಯನ್ನು ನಿಯಮಾವಳಿಯೇ 2017ರಿಂದ ಕೊಟ್ಟಿದೆ. ಇನ್ನು, ಬೀಳೆಂದು ಸನ್ನೆ ಮಾಡುವ ಗುರುವಿನ ಮಾತು. ಹುಡುಗನಿಗೆ ಎರಡು ನಿಮಿಷವಾದರೆ ಅಂಥವರಿಗೆ ಇಡೀ ವರ್ಷ ಗೆರೆಯ ಹತ್ತಿರ ಸುಳಿಯಗೊಡಬಾರದು. ಮೂವತ್ತು ವರ್ಷದ ಹಿಂದೆ ನಮಗೆ ಯಾರೂ ಈ ಶಿಕ್ಷೆ ಕೊಡಲಿಲ್ಲ.

ಈ ಜೂನಿನಿಂದ ನಮ್ಮ ಶಾಲೆಯ ತರಗತಿಗಳ ನಡುವಿನ ಪಂದ್ಯಗಳಲ್ಲಿ ಎರಡು ನಿಮಿಷದ ನಿಯಮವನ್ನು ಜಾರಿಗೆ ತಂದಿದ್ದೇವೆ. ಗಡಿಯಾರ ಹಿಡಿಯುವ ಕೆಲಸ ಪ್ಲಾಸ್ಟರು ಬಿಚ್ಚಿಸಿಕೊಂಡು ಬಂದ ಆ ಹುಡುಗನದು. ಓಡಲು ವೈದ್ಯರು ಇನ್ನೂ ಅನುಮತಿ ಕೊಟ್ಟಿರಲಿಲ್ಲ. ಮೊದಲನೆಯ ಪಂದ್ಯದಲ್ಲಿಯೇ ಅವನ ಗೆಳೆಯನೊಬ್ಬ ಬಿದ್ದು, ನೀರು ತರಿಸಿಕೊಂಡು, ಹೊರಗೆ ಬಂದು ಕುಳಿತನು. ಒಂದೂವರೆ ನಿಮಿಷವಾಗುವಷ್ಟರಲ್ಲಿ ಗೆಳೆಯ ಎದ್ದು ನಿಂತು ಒಳಗೆ ಹೋಗಲೇ ಎಂದನು. ಹುಡುಗ ಗಡಿಯಾರದಿಂದ ಕಣ್ಣೆತ್ತದೆ ಅವನ ಅಂಗಿ ಹಿಡಿದು ಕೂರಿಸಿ, "ಇನ್ನೂ ಮೂವತ್ತು ಸೆಕೆಂಡ ಅದಾವ, ಎಲ್ಲಿ, ಕಾಲ ತೋರ್ಸು" ಎಂದನು.