ಸೊಂಟನೋವು: ಕೊಯ್ಯಬೇಕೆ, ಕಾಯಬೇಕೆ?

ಅಡಿಕೆ ತೋಟವನ್ನು ನಂಬಿ ಬದುಕುವ ಮನೆಗಳಿಗೆ ಸೊಂಟನೋವು ಹೊಸ ನೆಂಟನೇನೂ ಅಲ್ಲ. ಉದುರಿದ ಅಡಿಕೆಯನ್ನು ಬಗ್ಗಿ ಬಗ್ಗಿ ಹೆಕ್ಕುವವರು, ಗುಡ್ಡೆಯಿಂದ ಸೊಪ್ಪಿನ ಹೊರೆಯನ್ನು ಇಳಿಸುವವರು, ಗೆರಸೆಯನ್ನು ತೊಡೆಯ ಮೇಲಿರಿಸಿಕೊಂಡು ದಿನವಿಡೀ ಬೀಡಿ ಕಟ್ಟುವ ತಾಯಂದಿರು, ಇವರಲ್ಲಿ ‘ನಡು ಹಿಡಿಯಿತು’ ಎಂದು ಒಮ್ಮೆಯಾದರೂ ನರಳದವರನ್ನು ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಕಾಣುವುದು ಅಪರೂಪ. ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರನ್ನು ಸುರಿದುಕೊಂಡು ಕೆಲವು ದಿನ ತಡೆದುಕೊಂಡರೆ ಹೆಚ್ಚಿನ ನೋವುಗಳು ಬಂದ ದಾರಿಯಲ್ಲೇ ಹಿಂದಿರುಗುತ್ತವೆ. ಆದರೆ ನೋವು ಸೊಂಟವನ್ನು ಬಿಟ್ಟು ಕಾಲಿನ ಹೆಬ್ಬೆರಳಿನವರೆಗೆ ಇಳಿದಾಗ, ‘ಡಿಸ್ಕ್ ಜಾರಿದೆ, ಆಪರೇಷನ್ ಆಗಬೇಕು’ ಎಂಬ ಮಾತು ಕಿವಿಗೆ ಬಿದ್ದಾಗ, ಮನೆಮಂದಿಯೆಲ್ಲರ ನಿದ್ದೆ ಕೆಡುತ್ತದೆ. ಅಂಥ ಸಂಕಟ ನಮ್ಮ ಮನೆಗೆ ಎರಡು ಬಾರಿ ಬಂದಿತು. ಒಮ್ಮೆ ನಾವು ಕಾದು ಗೆದ್ದೆವು. ಇನ್ನೊಮ್ಮೆ ಕಾದು ಸೋತೆವು. ಈ ಎರಡರ ನಡುವಣ ಅಂತರವನ್ನು ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ನಮ್ಮ ಅಣ್ಣನಿಗೆ ಆಗ ನಾಲ್ವತ್ತಾರು ವರ್ಷ. ಒಣಗಿದ ಅಡಿಕೆಯ ಗೋಣಿಯೊಂದನ್ನು ಒಬ್ಬನೇ ಎತ್ತಿ ಅಟ್ಟಕ್ಕೇರಿಸಲು ಹೋದಾಗ ಸೊಂಟದಲ್ಲಿ ಏನೋ ಕಳಚಿದಂತಾಯಿತು. ಮೂರನೆಯ ದಿನಕ್ಕೆ ನೋವು ಎಡ ಪೃಷ್ಠದಿಂದ ತೊಡೆಯ ಹಿಂಭಾಗಕ್ಕೆ, ಅಲ್ಲಿಂದ ಮೀನಖಂಡಕ್ಕೆ, ಕೊನೆಗೆ ಹೆಬ್ಬೆರಳಿಗೆ ಹರಿಯಿತು. ಕೆಮ್ಮಿದರೆ ಕಾಲಿನುದ್ದಕ್ಕೂ ಮಿಂಚು ಹೊಡೆದಂತಾಗುತ್ತಿತ್ತು. ಮಂಗಳೂರಿಗೆ ಕರೆದೊಯ್ದು ಎಂ.ಆರ್.ಐ. ಮಾಡಿಸಿದೆವು. ಚಿತ್ರವನ್ನು ಬೆಳಕಿಗೆ ಹಿಡಿದ ವೈದ್ಯರು ಅಣ್ಣನ ಕಾಲನ್ನು ಮುಟ್ಟುವುದಕ್ಕೂ ಮೊದಲೇ, “ಮುಂದಿನ ವಾರವೇ ಶಸ್ತ್ರಚಿಕಿತ್ಸೆ ಆಗಲಿ, ತಡಮಾಡಿದರೆ ಕಾಲು ಹೋದೀತು” ಎಂದರು.

ಆ ರಾತ್ರಿ ಮನೆಯ ಜಗಲಿಯಲ್ಲಿ ನಡೆದ ಚರ್ಚೆಯನ್ನು ಓದುಗರು ಸುಲಭವಾಗಿ ಊಹಿಸಬಲ್ಲರು. ಬೆನ್ನಿಗೆ ಕತ್ತಿ ಹಾಕಿಸಿಕೊಂಡವನು ಮತ್ತೆ ತೋಟಕ್ಕಿಳಿದದ್ದನ್ನು ತಾನು ಕಂಡಿಲ್ಲವೆಂದರು ಅಮ್ಮ. ಇಂದಿನ ಆಪರೇಷನ್ ಹಲ್ಲು ಕೀಳಿಸಿದಷ್ಟೇ ಸುಲಭವೆಂದರು ಭಾವ. ಮೂರು ತಿಂಗಳು ಹಲಗೆಯ ಮೇಲೆ ಮಲಗಬೇಕೆಂದರು ನೆರೆಮನೆಯ ಹಿರಿಯರು. ಪ್ರತಿಯೊಬ್ಬರ ಮಾತಿಗೂ ಒಬ್ಬೊಬ್ಬ ನೆಂಟನ ಸಾಕ್ಷ್ಯವಿತ್ತು. ಎಲ್ಲರೂ ಸುಮ್ಮನಾದ ಮೇಲೆ ಅತ್ತಿಗೆ ಕೇಳಿದರು: “ಮಾಡಿಸದಿದ್ದರೆ ಏನಾಗುತ್ತದೆ ಎಂದು ಆ ಡಾಕ್ಟರಲ್ಲಿ ಯಾರೂ ಕೇಳಲಿಲ್ಲವಲ್ಲ?”

ಆ ಪ್ರಶ್ನೆಯನ್ನು ಹೊತ್ತು ಇನ್ನೊಬ್ಬ ಹಿರಿಯ ವೈದ್ಯರಲ್ಲಿಗೆ ಹೋದೆವು. ಅವರು ಚಿತ್ರದ ಲಕೋಟೆಯನ್ನು ಬದಿಗಿರಿಸಿ, ಅಣ್ಣನನ್ನು ಹಿಮ್ಮಡಿಯ ಮೇಲೂ ತುದಿಗಾಲಿನ ಮೇಲೂ ನಡೆಸಿದರು. ಮಲಗಿಸಿ ಕಾಲೆತ್ತಿ ನೋಡಿದರು. ಮೊಣಕಾಲು, ಹಿಮ್ಮಡಿಗಳ ಬಳಿ ಸುತ್ತಿಗೆಯಿಂದ ತಟ್ಟಿದರು. ಮೂತ್ರ ಸರಿಯಾಗಿ ಹೋಗುತ್ತಿದೆಯೇ, ಕುಳಿತುಕೊಳ್ಳುವ ಭಾಗದಲ್ಲಿ ಜೋಮು ಇದೆಯೇ ಎಂದು ವಿಚಾರಿಸಿದರು. ಆಮೇಲಷ್ಟೇ ಚಿತ್ರವನ್ನು ನೋಡಿ ಹೇಳಿದರು: “ನರ ನೊಂದಿದೆ, ಸೋತಿಲ್ಲ. ಆರು ವಾರ ಕಾಯೋಣ. ಆದರೆ ಕಾಯುವುದೆಂದರೆ ಮಲಗುವುದಲ್ಲ.”

ಜಾರುವುದು ಏನು?

ನಮ್ಮ ಸೊಂಟದ ಭಾಗದಲ್ಲಿ ಐದು ಕಶೇರುಗಳಿವೆ. ಒಂದು ಕಶೇರುವಿಗೂ ಇನ್ನೊಂದಕ್ಕೂ ನಡುವೆ ಮೆತ್ತೆಯಂತೆ ಇರುವ ತಟ್ಟೆಯೇ ಡಿಸ್ಕ್. ಅದರ ಹೊರಸುತ್ತು ಗಟ್ಟಿ ನಾರಿನದು, ಒಳಗಿನದು ಲೋಳೆಯಂಥ ತಿರುಳು. ಜಾರುವುದು ಎಂಬ ಮಾತು ರೂಢಿಯಲ್ಲಿದ್ದರೂ ತಟ್ಟೆ ಎಲ್ಲಿಗೂ ಜಾರುವುದಿಲ್ಲ. ನಾರಿನ ಸುತ್ತು ಬಿರುಕು ಬಿಟ್ಟು ತಿರುಳು ಹೊರಚಾಚುತ್ತದೆ. ಹಾಗೆ ಚಾಚಿದ ತಿರುಳು ಪಕ್ಕದ ನರದ ಬೇರನ್ನು ಒತ್ತಿ ಕೆರಳಿಸಿದಾಗ ನೋವು ಕಾಲಿಗಿಳಿಯುತ್ತದೆ. ಆಯುರ್ವೇದದವರು ಗೃಧ್ರಸಿ ಎನ್ನುವ, ಇಂಗ್ಲಿಷ್ ವೈದ್ಯರು ಸಯಾಟಿಕಾ ಎನ್ನುವ ಬಾಧೆ ಬಹುಮಟ್ಟಿಗೆ ಇದೇ. ಡಿಸ್ಕಿನ ತಿರುಳೇ ಇದಕ್ಕೆ ಕಾರಣವೆಂದು ಅಮೆರಿಕದ ಬೋಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು 1934ರಲ್ಲಿ ಪ್ರಕಟಿಸಿದ ಬಳಿಕ, ಅದನ್ನು ತೆಗೆಯುವ ಶಸ್ತ್ರಚಿಕಿತ್ಸೆ ಲೋಕದಲ್ಲೆಲ್ಲ ಹಬ್ಬಿತು.

ಆದರೆ ಹೊರಚಾಚಿದ ತಿರುಳನ್ನು ಶರೀರವು ತಾನಾಗಿಯೇ ಕರಗಿಸಿಕೊಳ್ಳಬಲ್ಲದು. ಎಷ್ಟೋ ಜನರಲ್ಲಿ ವಾರಗಳು ಕಳೆದಂತೆ ಅದು ಕುಗ್ಗುತ್ತದೆ, ನರದ ಕೆರಳಿಕೆಯೂ ತಗ್ಗುತ್ತದೆ. ಕಾಯಬಹುದು ಎಂಬ ಮಾತಿನ ಹಿಂದಿರುವುದು ಈ ಸತ್ಯವೇ.

ಚಿತ್ರದ ವಿಚಾರವಾಗಿಯೂ ಒಂದು ಮಾತು ಹೇಳಬೇಕು. ಸೊಂಟನೋವೇ ಇಲ್ಲದ 98 ಮಂದಿಯ ಎಂ.ಆರ್.ಐ. ತೆಗೆದ ಫಲಿತಾಂಶವೊಂದು ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 52 ಮಂದಿಯ ಡಿಸ್ಕ್ ಒಂದಲ್ಲ ಒಂದೆಡೆ ಉಬ್ಬಿತ್ತು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ನೂರಕ್ಕೆ 36 ಮಾತ್ರ. ನೋವಿಲ್ಲದ 3,110 ಜನರ ಚಿತ್ರಗಳನ್ನು ಕುರಿತ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಉಬ್ಬಿದ ಡಿಸ್ಕ್ ಇಪ್ಪತ್ತರ ಹರೆಯದಲ್ಲೇ ನೂರಕ್ಕೆ 30 ಜನರಲ್ಲಿ, ಎಂಬತ್ತರಲ್ಲಿ ನೂರಕ್ಕೆ 84 ಜನರಲ್ಲಿ ಕಂಡುಬಂದಿತು. ತಲೆಗೂದಲು ನರೆಯುವಂತೆ ಡಿಸ್ಕೂ ಸವೆಯುತ್ತದೆ. ಆದುದರಿಂದ ಚಿತ್ರದಲ್ಲಿ ಕಂಡ ದೋಷವು ರೋಗಿಯ ನೋವಿಗೂ ಕಾಲಿನ ಬಲಕ್ಕೂ ತಾಳೆಯಾಗುತ್ತದೆಯೇ ಎಂಬುದೇ ಮುಖ್ಯ.

ಕತ್ತಿಯಿಂದ ದೊರೆಯುವುದೇನು?

ನಾರ್ವೆಯ ವೆಬರ್ ಎಂಬ ವೈದ್ಯರು ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬ ಸಂದೇಹವಿದ್ದ 126 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹತ್ತು ವರ್ಷ ಗಮನಿಸಿ, 1983ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದು ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆ ಪಡೆದವರ ಸ್ಥಿತಿ ಸ್ಪಷ್ಟವಾಗಿ ಮೇಲಾಗಿತ್ತು. ನಾಲ್ಕನೆಯ ವರ್ಷಕ್ಕೆ ಆ ಅಂತರ ಗಣನೀಯವಾಗಿರಲಿಲ್ಲ. ಹತ್ತನೆಯ ವರ್ಷಕ್ಕೆ ಎರಡೂ ಗುಂಪುಗಳು ಸರಿಸಮವಾಗಿದ್ದವು. ನೆದರ್ಲೆಂಡ್ಸಿನಲ್ಲಿ 6ರಿಂದ 12 ವಾರ ತೀವ್ರವಾದ ಕಾಲುನೋವನ್ನು ಅನುಭವಿಸಿದ್ದ 283 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2007ರಲ್ಲಿ ಬಂದಿತು. ಬೇಗನೆ ಶಸ್ತ್ರಚಿಕಿತ್ಸೆಯಾದವರ ನೋವು ಬೇಗನೆ ಇಳಿಯಿತು. ಕಾಯಲು ಹೇಳಿದ 142 ಮಂದಿಯಲ್ಲಿ 55 ಮಂದಿ ನೋವು ತಡೆಯಲಾರದೆ ತಿಂಗಳುಗಳ ಬಳಿಕ ಶಸ್ತ್ರಚಿಕಿತ್ಸೆಗೆ ಒಪ್ಪಿದರು. ವರ್ಷದ ಕೊನೆಗೆ ಎರಡೂ ಗುಂಪುಗಳಲ್ಲಿ ನೂರಕ್ಕೆ 95 ಮಂದಿ ಗುಣ ಹೊಂದಿದ್ದರು.

ಎಂದರೆ ಇಂಥವರಿಗೆ ಶಸ್ತ್ರಚಿಕಿತ್ಸೆ ಕೊಡುವುದು ಬಹುಮಟ್ಟಿಗೆ ವೇಗವನ್ನು. ಆ ವೇಗಕ್ಕೂ ಬೆಲೆಯಿದೆ. ದಿನಗೂಲಿಯಿಂದ ಮನೆ ನಡೆಸುವವನಿಗೆ ಆರು ತಿಂಗಳ ನೋವು ಚಿಕ್ಕ ಮಾತಲ್ಲ. ಅಷ್ಟೇ ಅಲ್ಲ, ಕಾಯುವುದಕ್ಕೂ ಒಂದು ಮಿತಿಯಿದೆ. ಕೆನಡಾದಲ್ಲಿ 4ರಿಂದ 12 ತಿಂಗಳ ಕಾಲ ಕಾಲುನೋವಿನಿಂದ ಬಳಲಿದ್ದ 128 ಮಂದಿಯ ಪರೀಕ್ಷೆಯ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ನೋವನ್ನು ಹತ್ತು ಅಂಕಗಳಲ್ಲಿ ಅಳೆದಾಗ, ಆರು ತಿಂಗಳ ಬಳಿಕ ಶಸ್ತ್ರಚಿಕಿತ್ಸೆಯ ಗುಂಪಿನವರದು 2.8, ಉಳಿದವರದು 5.2 ಆಗಿತ್ತು. ತಿಂಗಳುಗಟ್ಟಲೆ ಕಾದರೂ ಕಾಲುನೋವು ಬಿಡದಿದ್ದರೆ, ಚಿತ್ರವೂ ಅದಕ್ಕೆ ತಾಳೆಯಾದರೆ, ಶಸ್ತ್ರಚಿಕಿತ್ಸೆಗೆ ಹಿಂಜರಿಯುವುದು ಜಾಣತನವಲ್ಲ.

ನೋವು ಕಾಲಿಗಿಳಿಯದೆ ಸೊಂಟದಲ್ಲೇ ನಿಂತಿರುವವರ ಮಾತು ಬೇರೆ. ಕಶೇರುಗಳನ್ನು ತಿರುಪು ಹಾಕಿ ಬೆಸೆಯುವ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಇವರಲ್ಲಿ ಕೆಲವರಿಗೆ ಸೂಚಿಸುವುದುಂಟು. ಬ್ರಿಟನ್ನಿನಲ್ಲಿ 349 ಮಂದಿಯ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಇದಕ್ಕೂ ಕಟ್ಟುನಿಟ್ಟಾದ ವ್ಯಾಯಾಮ ಚಿಕಿತ್ಸೆಗೂ ಕಂಡ ವ್ಯತ್ಯಾಸ ಅತ್ಯಲ್ಪ. ಬರಿಯ ಸೊಂಟನೋವಿಗೆ ಬೆಸುಗೆಯ ಮಾತು ಬಂದಾಗ ಎರಡನೆಯ ವೈದ್ಯರ ಅಭಿಪ್ರಾಯವನ್ನು ಪಡೆಯದೆ ಒಪ್ಪಬಾರದು.

ಕಾಯುವ ಬಗೆ

ಅಣ್ಣ ಮಲಗಿದ್ದು ಮೊದಲ ಎರಡು ದಿನ ಮಾತ್ರ. ಕಾಲಿನ ಬಲ ಕುಂದದ 203 ಸೊಂಟನೋವಿನ ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿದ ಪರೀಕ್ಷೆಯೊಂದು 1986ರಲ್ಲೇ ಪ್ರಕಟವಾಗಿತ್ತು. ಎರಡು ದಿನದವರು ಕಳೆದುಕೊಂಡ ಕೆಲಸದ ದಿನಗಳೇ ಕಡಿಮೆ. ಅಂಗಳದಲ್ಲಿ ಹತ್ತು ಹೆಜ್ಜೆಯಿಂದ ಆರಂಭವಾದ ಅಣ್ಣನ ನಡಿಗೆ ದಿನದಿನಕ್ಕೆ ಬೆಳೆಯಿತು. ನೋವಿನ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ತೆಗೆದುಕೊಂಡ. ಅಂಗಡಿಯಿಂದ ತಾವಾಗಿ ಕೊಂಡು ವಾರಗಟ್ಟಲೆ ನುಂಗಿದರೆ ಹೊಟ್ಟೆಯ ಹುಣ್ಣೂ ಮೂತ್ರಪಿಂಡದ ತೊಂದರೆಯೂ ಬಂದಾವು. ತೀವ್ರ ನೋವು ತಗ್ಗಿದ ಮೇಲೆ ವ್ಯಾಯಾಮ ಚಿಕಿತ್ಸೆಯವರು ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳನ್ನು ಬಲಪಡಿಸುವ ಕ್ರಮಗಳನ್ನು ಕಲಿಸಿದರು. ಅಮ್ಮನ ತೃಪ್ತಿಗಾಗಿ ಎಣ್ಣೆಯ ಅಭ್ಯಂಗವೂ ನಡೆಯಿತು. ಹದವಾದ ಎಣ್ಣೆ, ಬಿಸಿನೀರು ಹಿತವೇ. ಆದರೆ ನರ ಕೆರಳಿರುವಾಗ ಸೊಂಟವನ್ನು ತಿರುಚಿ, ಎಳೆದು, ತುಳಿಸಿ ‘ಕೂರಿಸುವ’ ಸಾಹಸಕ್ಕೆ ಯಾರೂ ಕೈಹಾಕಕೂಡದು. ಮೂರು ತಿಂಗಳು ಮೀರಿದ ಸೊಂಟನೋವಿಗೆ ಸೊಂಟಪಟ್ಟಿ, ತೂಕ ಕಟ್ಟಿ ಎಳೆಯುವುದು ಮುಂತಾದವುಗಳನ್ನು ವಿಶ್ವ ಆರೋಗ್ಯ ಸಂಸ್ಥೆಯೂ 2023ರ ತನ್ನ ಮಾರ್ಗಸೂಚಿಯಲ್ಲಿ ಸಾಮಾನ್ಯ ಚಿಕಿತ್ಸೆಯಾಗಿ ಒಪ್ಪಿಲ್ಲ.

ಆರನೆಯ ವಾರಕ್ಕೆ ಅಣ್ಣನ ನೋವು ಅರ್ಧಕ್ಕಿಳಿದಿತ್ತು. ಹನ್ನೊಂದನೆಯ ವಾರ ತೋಟಕ್ಕಿಳಿದ.

ಕಾಯಬಾರದ ಹೊತ್ತು

ಎರಡು ವರ್ಷಗಳ ಬಳಿಕ ನಮ್ಮ ಚಿಕ್ಕಮ್ಮನ ಮಗಳಿಗೆ ಇದೇ ನೋವು ಬಂದಿತು. ಬೀಡಿ ಕಟ್ಟಿ ಮನೆ ನಡೆಸುವವಳು. ಅಣ್ಣನ ಗುಣವನ್ನು ಕಣ್ಣಾರೆ ಕಂಡಿದ್ದ ನಾವು, “ಅವಸರ ಬೇಡ ತಂಗೀ, ತಾನಾಗಿ ಇಳಿಯುತ್ತದೆ” ಎಂದು ಹೇಳಿದೆವು. ಒಂದು ಸಂಜೆ ಅವಳ ಎರಡೂ ಕಾಲುಗಳಿಗೆ ಜೋಮು ಹಿಡಿಯಿತು, ಮೂತ್ರ ಕಟ್ಟಿತು. ಮನೆಯಲ್ಲಿ ಉಷ್ಣವೆಂದುಕೊಂಡು ಎಳನೀರು ಕುಡಿಸಿದರು. ನಮ್ಮನ್ನು ಕೇಳಿದಾಗ ನಾವೂ ಅಡ್ಡಿ ಹೇಳಲಿಲ್ಲ. ಹೀಗೆ ಎರಡು ದಿನ ಕಳೆದವು. ಮಂಗಳೂರನ್ನು ಮುಟ್ಟಿದ ದಿನವೇ ಶಸ್ತ್ರಚಿಕಿತ್ಸೆಯಾಯಿತು. ಇಂದು ಅವಳು ನಡೆಯುತ್ತಾಳೆ. ಆದರೆ ಮೂತ್ರಕ್ಕೆ ನಿತ್ಯವೂ ನಳಿಕೆಯ ಸಹಾಯ ಬೇಕು. ಹಿರಿಯ ವೈದ್ಯರು ಅಣ್ಣನಲ್ಲಿ ಕೇಳಿದ್ದ ಆ ಎರಡು ಪ್ರಶ್ನೆಗಳನ್ನು ನಾವು ಅವಳಲ್ಲಿ ಕೇಳಿದ್ದರೆ ಸಾಕಿತ್ತು. ‘ಕಾಯಿರಿ’ ಎಂಬುದನ್ನು ಕಲಿತ ನಾವು, ಏನನ್ನು ಗಮನಿಸುತ್ತ ಕಾಯಬೇಕೆಂಬುದನ್ನು ಕಲಿತಿರಲಿಲ್ಲ.

ಆದುದರಿಂದ ಈ ಲಕ್ಷಣಗಳನ್ನು ಮನೆಯ ಎಲ್ಲರೂ ತಿಳಿದಿರಬೇಕು. ಮೂತ್ರ ಕಟ್ಟುವುದು, ಅಥವಾ ಮಲಮೂತ್ರಗಳು ಅರಿವಿಲ್ಲದೆ ಹೋಗುವುದು. ಗುದ, ಗುಹ್ಯಭಾಗ, ಒಳತೊಡೆಗಳಲ್ಲಿ ಸ್ಪರ್ಶಜ್ಞಾನ ತಪ್ಪುವುದು. ಎರಡೂ ಕಾಲುಗಳು ಒಮ್ಮೆಗೇ ಬಲಗುಂದುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಇಲ್ಲಿ ಎಣಿಕೆ ಗಂಟೆಗಳದು. ಪಾದ ಎತ್ತಲಾಗದೆ ಚಪ್ಪಲಿ ಜಾರಿ ಬೀಳತೊಡಗಿದರೆ ಅಂದೇ ವೈದ್ಯರನ್ನು ಕಾಣಬೇಕು. ಸಂಜೆಯ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು ಇದ್ದರೆ ಬೆನ್ನೆಲುಬಿನ ಕ್ಷಯದಂಥ ಬೇರೆ ರೋಗಗಳನ್ನು ಶಂಕಿಸಬೇಕು. ಹಿಂದೆ ಕ್ಯಾನ್ಸರ್ ಆದವರು, ಬಿದ್ದು ಪೆಟ್ಟಾದ ವೃದ್ಧರು ಕೂಡ ಕಾಯತಕ್ಕವರಲ್ಲ. ರಾತ್ರಿಯಲ್ಲೂ ಬೆನ್ನಿನ ಶಸ್ತ್ರಚಿಕಿತ್ಸೆ ನಡೆಯುವ ಆಸ್ಪತ್ರೆ ಗಡಿಯ ಆಚೆ ಎಲ್ಲಿ, ಈಚೆ ಎಲ್ಲಿ ಎಂಬುದನ್ನೂ ಮೊದಲೇ ತಿಳಿದಿಡುವುದು ಒಳ್ಳೆಯದು. 2020ರ ಮಾರ್ಚಿನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಮಂಗಳೂರೊಂದನ್ನೇ ನಂಬಿದ್ದ ನಮಗೆ ಆದ ಗಾಬರಿಯನ್ನು ಯಾರೂ ಮರೆತಿರಲಾರರು.

ಸಹಿಗೆ ಮುನ್ನ

ಇಂಥ ಲಕ್ಷಣಗಳಿಲ್ಲದಿದ್ದರೆ ಯೋಚಿಸಲು ಸಮಯವಿದೆ ಎಂದರ್ಥ. ಆಗ ವೈದ್ಯರಲ್ಲಿ ಕೇಳತಕ್ಕ ಪ್ರಶ್ನೆಗಳು ಕೆಲವೇ: ಚಿತ್ರದ ದೋಷವೂ ನನ್ನ ನೋವೂ ಒಂದೇ ನರದ್ದೇ? ಮಾಡಿಸದಿದ್ದರೆ ಏನಾಗುತ್ತದೆ? ಮಾಡಿಸಿದರೆ ಇಳಿಯುವುದು ಕಾಲಿನ ನೋವೋ, ಸೊಂಟದ್ದೋ? ಅದೇ ಜಾಗದಲ್ಲಿ ಮತ್ತೆ ತಿರುಳು ಚಾಚುವ ಸಂಭವವೆಷ್ಟು? ಯಾವಾಗ ಕೆಲಸಕ್ಕೆ ಮರಳಬಹುದು? ಚಿಕಿತ್ಸೆಯ ಸ್ವರೂಪ, ಬದಲಿ ಮಾರ್ಗಗಳು, ಮುಖ್ಯ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ, ಇವನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ನಮ್ಮ ಸುಪ್ರೀಂ ಕೋರ್ಟು 2008ರಲ್ಲಿ ವಿಧಿಸಿದೆ. ಹೀಗಾಗಿ ಕೇಳುವುದು ಉದ್ಧಟತನವಲ್ಲ. ಒಪ್ಪಿಗೆ ಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಕನ್ನಡದಲ್ಲಿ ವಿವರಿಸುವವರನ್ನು ಕರೆಸಿಕೊಂಡು ಅರ್ಥಮಾಡಿಕೊಂಡ ಮೇಲೆಯೇ ಸಹಿ ಹಾಕಬೇಕು.

ಅಣ್ಣ ಈಗಲೂ ತೋಟ ನೋಡಿಕೊಳ್ಳುತ್ತಾನೆ. ಗೋಣಿಯನ್ನು ಮಾತ್ರ ಒಬ್ಬನೇ ಎತ್ತುವುದಿಲ್ಲ. ತಂಗಿಯ ಮನೆಗೆ ಹೋದಾಗಲೆಲ್ಲ ಅವಳು ನಮ್ಮನ್ನು ಮೊದಲಿನ ಪ್ರೀತಿಯಿಂದಲೇ ಉಪಚರಿಸುತ್ತಾಳೆ. ಆ ಎರಡು ದಿನಗಳ ಮಾತನ್ನು ಇಂದಿನವರೆಗೂ ಎತ್ತಿದವಳಲ್ಲ. ಅವಳು ಎತ್ತದಿದ್ದರೂ ನಾವು ಮರೆಯಲಾರೆವು. ಕಾಯಬಾರದ ಹೊತ್ತಿನ ಲಕ್ಷಣಗಳನ್ನು ಬರೆದ ಭಾಗವನ್ನಾದರೂ ಕತ್ತರಿಸಿ, ಪಂಚಾಂಗ ತೂಗುವ ಮೊಳೆಗೆ ಸಿಕ್ಕಿಸಿಡಬೇಕೆಂದು ಓದುಗರಲ್ಲಿ ನಮ್ಮ ಕಳಕಳಿಯ ಪ್ರಾರ್ಥನೆ.